ಪ್ರತಿಮೆಗೂ ಮುನ್ನ ಪಗಾರದ ಪಟ್ಟಿ: ಹಣಕಾಸು ಕಂಪನಿಗಳಿಗೆ ಏಳು ಸೂತ್ರಗಳು

ಸಮಾನತೆಯ ಪರ ದನಿ ಎತ್ತುವುದು ಬ್ಯಾಂಕು, ಹೂಡಿಕೆ ಸಂಸ್ಥೆಗಳಿಗೆ ಪ್ರತಿಷ್ಠೆಯ ವಿಷಯವೂ ಹೌದು, ಪೇಚಿಗೆ ಸಿಲುಕುವ ದಾರಿಯೂ ಹೌದು. ನೀವು ಎಚ್‌ಆರ್, ಸಿಎಸ್‌ಆರ್ ಅಥವಾ ಪ್ರಚಾರ ವಿಭಾಗದಲ್ಲಿದ್ದರೆ, ಮುಂದಿನ ಅಭಿಯಾನಕ್ಕೆ ಸಹಿ ಬೀಳುವ ಮೊದಲು ಇಷ್ಟು ನೋಡಿಕೊಳ್ಳಿ.

1. ಮೊದಲು ಮನೆಯ ಲೆಕ್ಕ ಸರಿಮಾಡಿ
2017ರ ಮಾರ್ಚ್ 7, ಮಹಿಳಾ ದಿನದ ಮುನ್ನಾದಿನ. ನ್ಯೂಯಾರ್ಕ್‌ನ ವಾಲ್‌ಸ್ಟ್ರೀಟ್ ಪ್ರದೇಶದಲ್ಲಿ, ನುಗ್ಗುವ ಕಂಚಿನ ಗೂಳಿಯ ಎದುರು ಕಂಚಿನ ಹುಡುಗಿಯೊಬ್ಬಳು ಬಂದು ನಿಂತಳು. ಸೊಂಟದ ಮೇಲೆ ಕೈ, ಎತ್ತಿದ ಗಲ್ಲ, ಎತ್ತರ ನಾಲ್ಕು ಅಡಿಗಿಂತ ತುಸು ಹೆಚ್ಚು. ಕ್ರಿಸ್ಟನ್ ವಿಸ್ಬಲ್ ರೂಪಿಸಿದ ಈ ‘ಫಿಯರ್‌ಲೆಸ್ ಗರ್ಲ್’ ಪ್ರತಿಮೆಯನ್ನು ಮಾಡಿಸಿದ್ದು ಸ್ಟೇಟ್ ಸ್ಟ್ರೀಟ್ ಎಂಬ ಹಣಕಾಸು ಕಂಪನಿಯ ಹೂಡಿಕೆ ವಿಭಾಗ. ಜಗತ್ತೇ ಮೆಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಸುದ್ದಿ ಬೇರೆ: ಮಹಿಳಾ ಹಾಗೂ ಕಪ್ಪುವರ್ಣೀಯ ಅಧಿಕಾರಿಗಳಿಗೆ ಕಡಿಮೆ ಸಂಬಳ ಕೊಟ್ಟ ಆರೋಪದ ಪ್ರಕರಣದಲ್ಲಿ ಅದೇ ಸ್ಟೇಟ್ ಸ್ಟ್ರೀಟ್, ಅಮೆರಿಕದ ಕಾರ್ಮಿಕ ಇಲಾಖೆಯೊಂದಿಗೆ ರಾಜಿಗೆ ಬಂದು 50 ಲಕ್ಷ ಡಾಲರ್ ತೆರಲು ಒಪ್ಪಿತ್ತು. ಕಂಪನಿ ಆರೋಪವನ್ನು ಒಪ್ಪಲಿಲ್ಲ. ಆದರೆ ಜನ ಆಡಿಕೊಳ್ಳುವುದು ನಿಲ್ಲಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನಿಸಿಕೊಳ್ಳಬಾರದೆಂದರೆ ಪ್ರತಿಮೆಗೆ ಮುನ್ನ ಪಗಾರದ ಪಟ್ಟಿ ತೆರೆಯಿರಿ. ಒಂದೇ ಹುದ್ದೆ, ಒಂದೇ ಅನುಭವ. ಸಂಬಳ ಒಂದೇ ಇದೆಯೇ?

2. ವ್ಯಾಪಾರವಿದ್ದರೆ ಮುಚ್ಚಿಡಬೇಡಿ
ಆ ಹುಡುಗಿಯ ಕಾಲಬಳಿಯ ಫಲಕದಲ್ಲಿ ದಪ್ಪಕ್ಷರದಲ್ಲಿ ‘ಶೀ’ ಎಂದಿತ್ತು. ಕಂಪನಿ ಹಿಂದಿನ ವರ್ಷ ತೆರೆದಿದ್ದ ಫಂಡ್ ಒಂದಕ್ಕೆ ಷೇರುಪೇಟೆಯಲ್ಲಿದ್ದ ಸಂಕೇತವೂ ಅದೇ. ಜಾಹೀರಾತು ಕೊಡುವುದು ತಪ್ಪಲ್ಲ. ಅದು ಜಾಹೀರಾತು ಎಂದು ಬೇರೆಯವರು ಪತ್ತೆಹಚ್ಚಿದರೆ ಮಾತ್ರ ಮುಖಭಂಗ. ನೀವೇ ಮೊದಲು ಹೇಳಿಬಿಡಿ.

3. ಕೈಯಲ್ಲಿರುವ ಅಧಿಕಾರ ಬಳಸಿ
ಹಣಕಾಸು ಕಂಪನಿಯ ಶಕ್ತಿ ಇರುವುದು ಷೇರಿನ ಮತದಲ್ಲಿ, ಸಾಲದ ಷರತ್ತಿನಲ್ಲಿ. ಸ್ಟೇಟ್ ಸ್ಟ್ರೀಟ್ ಇದನ್ನೂ ಮಾಡಿತ್ತು: ಒಬ್ಬ ಮಹಿಳೆಯೂ ಇಲ್ಲದ, ಬದಲಾಗುವ ಪ್ರಯತ್ನವನ್ನೂ ತೋರದ ಆಡಳಿತ ಮಂಡಳಿಗಳ ವಿರುದ್ಧ ಮತ ಹಾಕಿತು. ಮುಂದೆ ನೂರಾರು ಕಂಪನಿಗಳು ಮಂಡಳಿಗೆ ಮಹಿಳೆಯರನ್ನು ಸೇರಿಸಿಕೊಂಡವು. ಫೋಟೊಗೆ ಸಿಕ್ಕಿದ್ದು ಪ್ರತಿಮೆ, ಕೆಲಸ ಮಾಡಿದ್ದು ಮತ.

4. ಫಾರಂ ತಿದ್ದಿ
ಲೋಗೋಗೆ ಲೈಂಗಿಕ ಅಲ್ಪಸಂಖ್ಯಾತರ ಕಾಮನಬಿಲ್ಲಿನ ಬಣ್ಣ ಬಳಿಯಲು ಅರ್ಧ ದಿನ ಸಾಕು. ಖಾತೆ ತೆರೆಯುವ ಫಾರಂ ಬದಲಿಸಲು ಕಾನೂನು, ಐಟಿ, ಶಾಖೆ ಎಲ್ಲರೂ ಕೂರಬೇಕು. 2021ರ ಸೆಪ್ಟೆಂಬರ್‌ನಲ್ಲಿ ಆಕ್ಸಿಸ್ ಬ್ಯಾಂಕ್ ಆ ಗೋಜಿಗೆ ಇಳಿಯಿತು: ಸಲಿಂಗ ಸಂಗಾತಿಗಳಿಗೆ ಜಂಟಿ ಖಾತೆ, ಸಿಬ್ಬಂದಿಯ ಸಂಗಾತಿಗೆ ಆರೋಗ್ಯ ವಿಮೆ. ಜಂಟಿ ಖಾತೆಗೂ ನಾಮಿನಿಗೂ ಯಾವ ನಿರ್ಬಂಧವೂ ಇಲ್ಲ ಎಂದು ಕೇಂದ್ರದ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಈಗ ಉಳಿದದ್ದು ಕೌಂಟರಿನಲ್ಲಿ ಕೂತವರಿಗೆ ಅದನ್ನು ತಿಳಿಸುವ ಕೆಲಸ.

5. ಅಂಕಿಯ ಬೆನ್ನು ಹತ್ತಬೇಡಿ
ಅಮೆರಿಕದ ವೆಲ್ಸ್ ಫಾರ್ಗೊದಲ್ಲಿ, ಹುದ್ದೆಗೆ ಆಯ್ಕೆ ಮುಗಿದ ಮೇಲೂ ಮಹಿಳೆಯರನ್ನು, ಕಪ್ಪುವರ್ಣೀಯರನ್ನು ಲೆಕ್ಕಕ್ಕಾಗಿ ಸಂದರ್ಶನಕ್ಕೆ ಕರೆಯುತ್ತಿದ್ದರೆಂದು ಸಿಬ್ಬಂದಿಯೇ ದೂರಿದ್ದು 2022ರಲ್ಲಿ ಸುದ್ದಿಯಾಯಿತು. ಇಂಥವರನ್ನು ಸಂದರ್ಶಿಸಲೇಬೇಕೆಂಬ ತನ್ನ ನೀತಿಯನ್ನೇ ಬ್ಯಾಂಕ್ ಕೆಲಕಾಲ ತಡೆಹಿಡಿಯಿತು. ಎಷ್ಟು ಜನರನ್ನು ಕರೆದಿರಿ ಎನ್ನುವುದಲ್ಲ, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಬಡ್ತಿ ಸಿಕ್ಕಿತು ಎಂದು ಎಣಿಸಿ.

6. ಸಿಎಸ್‌ಆರ್ ಹಣ ಬೆರೆಸಬೇಡಿ
ನಮ್ಮಲ್ಲಿ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ತನ್ನ ಸಿಬ್ಬಂದಿಗೆ ಮಾತ್ರ ಅನುಕೂಲವಾಗುವ ಖರ್ಚು ಆ ಲೆಕ್ಕಕ್ಕೆ ಸೇರದು. ಕಚೇರಿಯೊಳಗಿನ ಸಮಾನತೆಗೆ ಬೇರೆ ಬಜೆಟ್ ಇಡಿ.

7. ಗಾಳಿ ತಿರುಗುವ ಮೊದಲೇ ನಿಲುವು ಬರೆದಿಡಿ
ಮಂಡಳಿಯಲ್ಲಿ ವೈವಿಧ್ಯವಿಲ್ಲದ ಅಮೆರಿಕ, ಯುರೋಪಿನ ಕಂಪನಿಗಳ ಐಪಿಒ ನಡೆಸಿಕೊಡುವುದಿಲ್ಲ ಎಂದು ಗೋಲ್ಡ್‌ಮನ್ ಸ್ಯಾಕ್ಸ್ 2020ರಲ್ಲಿ ಸಾರಿತು. 2025ರ ಫೆಬ್ರುವರಿಯಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಪರಿಸರ, ಸಮಾಜ, ಆಡಳಿತವನ್ನೂ ನೋಡಿ ಹೂಡಿಕೆ ಮಾಡುವ ‘ಇಎಸ್‌ಜಿ’ ನೀತಿಗೆ ಮುನಿದು, ಹೂಡಿಕೆ ಕಂಪನಿ ಬ್ಲ್ಯಾಕ್‌ರಾಕ್‌ನಿಂದ ಫ್ಲಾರಿಡಾ ಸರ್ಕಾರ 200 ಕೋಟಿ ಡಾಲರ್ ಹಿಂತೆಗೆಯುವುದಾಗಿ 2022ರಲ್ಲಿ ಘೋಷಿಸಿತು. ಮರುವರ್ಷ ಬ್ಲ್ಯಾಕ್‌ರಾಕ್ ಮುಖ್ಯಸ್ಥ ಲ್ಯಾರಿ ಫಿಂಕ್, ‘ಇಎಸ್‌ಜಿ’ ಎಂಬ ಮಾತನ್ನೇ ಆಡುವುದಿಲ್ಲ ಎಂದರು. ಗಾಳಿ ಬಂದಾಗ ತೂರಿಕೊಂಡವರಿಗೆ ಗಾಳಿ ನಿಂತಾಗ ಉತ್ತರ ಕೊಡುವುದು ಕಷ್ಟ. ಗ್ರಾಹಕರು ಮುನಿದರೂ, ಸರ್ಕಾರ ಬದಲಾದರೂ ಯಾವುದನ್ನು ಬಿಡುವುದಿಲ್ಲ ಎಂದು ಮಂಡಳಿಯ ಸಭೆಯಲ್ಲೇ ನಿರ್ಧರಿಸಿ, ನಡಾವಳಿಯಲ್ಲಿ ದಾಖಲಿಸಿ. ಆ ಪಟ್ಟಿ ಚಿಕ್ಕದಿರಲಿ. ಸದ್ದಿಲ್ಲದೆ ಸಂಬಳ ಸಮ ಮಾಡಿದ ಕಂಪನಿಗೆ ನಾಳೆ ಹಿಂತೆಗೆದುಕೊಳ್ಳಲು ಘೋಷಣೆಯೇ ಇರುವುದಿಲ್ಲ.