ಖಾನಾವಳಿಗೆ ಹೊಸಬರು ಬಂದಾಗ ಒಲೆ ಹಚ್ಚುವ ಮುಂಚಿನ ಪಾಠ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರೇ ಇರಲಿ, ಖಾನಾವಳಿಗೆ ಸೇರಿದ ಹೊಸಬರನ್ನು ಮಧ್ಯಾಹ್ನದ ಗದ್ದಲದಲ್ಲೇ ಒಲೆಯ ಮುಂದೆ ನಿಲ್ಲಿಸಬೇಡಿ. ಊಟಕ್ಕೆ ಜನ ಕಾಯುತ್ತಿರುವಾಗ ಯಾರೂ ತಾಳ್ಮೆಯಿಂದ ಕಲಿಸಲಾರರು, ಯಾರೂ ಕಲಿಯಲಾರರು. ಬೆಳಿಗ್ಗೆ ಒಲೆ ತಣ್ಣಗಿರುವಾಗ ಒಂದು ತಾಸು ಬಿಡುವು ಮಾಡಿಕೊಳ್ಳಿ.

ಹಂತ 1: ಉಡುಪು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ರಬಕವಿ-ಬನಹಟ್ಟಿಯಂಥ ನೇಕಾರರ ಸೀಮೆಯಲ್ಲಿ ಹತ್ತಿ ಸೀರೆಗೇನು ಬರ? ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಲಿ. ಹವಾಯಿ ಚಪ್ಪಲಿ ಬೇಡ, ಪಾದ ಮುಚ್ಚುವ, ಜಾರದ ಮೆಟ್ಟು ಕೊಡಿಸಿ. ಇದು ಮಾಲೀಕರ ಖರ್ಚು, ಕೂಲಿಯಲ್ಲಿ ಮುರಿಯುವುದಲ್ಲ.

ಹಂತ 2: ಗ್ಯಾಸ್. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿ ನಿಲ್ಲುತ್ತದೆ. ರೆಗ್ಯುಲೇಟರ್ ಬಂದ್ ಮಾಡುವುದನ್ನು ಹೊಸಬರ ಕೈಯಿಂದಲೇ ಮಾಡಿಸಿ. ಪೈಪಿಗೆ ಸೋಪಿನ ನೀರು ಹಚ್ಚಿ ನೋಡಲಿ, ಗುಳ್ಳೆ ಎದ್ದರೆ ಸೋರಿಕೆ ಇದೆ. ವಾಸನೆ ಬಂದರೆ ಬಾಗಿಲು ತೆರೆಯಬೇಕು, ಲೈಟಿನ ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು. ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು.

ಹಂತ 3: ಎಣ್ಣೆ. ಇಲ್ಲಿ ಅವಸರ ಮಾಡಬೇಡಿ. ಭಜಿ ಕರಿಯುವ ಎಣ್ಣೆ ಸುಮಾರು 180 ಡಿಗ್ರಿ ಕಾದಿರುತ್ತದೆ, ನೀರು 100ಕ್ಕೇ ಕುದಿಯುತ್ತದೆ. ತೊಳೆದ ಮೆಣಸಿನಕಾಯಿಯ ತೊಟ್ಟಿನ ಬುಡದಲ್ಲಿ ಉಳಿದ ಒಂದು ಹನಿ ಎಣ್ಣೆಯೊಳಗೆ ಮುಳುಗಿ, ತಟ್ಟನೆ ಹಬೆಯಾಗಿ ಎಣ್ಣೆಯನ್ನು ಮುಖಕ್ಕೆ ಸಿಡಿಸುತ್ತದೆ. ಆದ್ದರಿಂದ ಮೆಣಸಿನಕಾಯಿಯನ್ನು ಅರಿವೆಯಿಂದ ಒರೆಸಿಯೇ ಹಿಟ್ಟಿನಲ್ಲಿ ಅದ್ದಬೇಕು. ಮೇಲಿಂದ ಒಗೆಯದೆ, ಕಡಾಯಿಯ ಅಂಚಿನಿಂದ ಮೆಲ್ಲಗೆ ಜಾರಿಸಬೇಕು. ಎಣ್ಣೆ ಅರ್ಧ ಕಡಾಯಿ ಮೀರಬಾರದು.

ಎಣ್ಣೆಗೇ ಬೆಂಕಿ ಹತ್ತಿದರೆ? ನೀರು ಸುರಿದರೆ ಉರಿ ಛಾವಣಿ ಮುಟ್ಟುತ್ತದೆ. ಕೈಗೆಟುಕಿದರೆ ಗ್ಯಾಸ್ ಬಂದ್ ಮಾಡಿ, ಕಡಾಯಿಗಿಂತ ಅಗಲವಾದ ಮುಚ್ಚಳ ಹಾಕಿ, ತಣ್ಣಗಾಗುವವರೆಗೆ ತೆಗೆಯದೆ ಬಿಡಬೇಕು. ಕಡಾಯಿ ಎತ್ತಿ ಹೊರಗೊಯ್ಯುವ ಸಾಹಸ ಖಂಡಿತ ಬೇಡ. ಈ ಮುಚ್ಚಳ ಹಾಕುವುದನ್ನು ತಣ್ಣನೆಯ ಕಡಾಯಿಯ ಮೇಲೆ ನಾಲ್ಕಾರು ಸಲ ಮಾಡಿಸಿ. ಹೆದರಿದಾಗ ತಲೆ ಓಡುವುದಿಲ್ಲ, ರೂಢಿಯಾದ ಕೈ ಓಡುತ್ತದೆ.

ಹಂತ 4: ಓಡಾಟ. ಸಾರಿನ ಪಾತ್ರೆ ಹಿಡಿದವರು “ಸರಕೊಳ್ರಿ, ಬಿಸಿ ಐತಿ!” ಎಂದು ಕೂಗಿಯೇ ನಡೆಯಬೇಕು. ಅಂಜುಬುರುಕ ಹುಡುಗರು ಹಿರಿಯರ ಮುಂದೆ ದನಿ ಎತ್ತುವುದಿಲ್ಲ, ಅವರಿಂದ ಗಟ್ಟಿಯಾಗಿ ಕೂಗಿಸಿ. ನೆಲಕ್ಕೆ ಚೆಲ್ಲಿದ್ದನ್ನು ಕಂಡವರೇ ಒರೆಸಬೇಕು. ಒದ್ದೆ ಕೈಯಲ್ಲಿ ಮಿಕ್ಸರ್ ಪ್ಲಗ್ ಮುಟ್ಟಬಾರದು.

ಹಂತ 5: ರೊಟ್ಟಿ ಬಡಿಯುವವರು. ಇವರ ನೋವು ಯಾರ ಕಣ್ಣಿಗೂ ಬೀಳುವುದಿಲ್ಲ. ಹಂಚಿನ ಝಳಕ್ಕೆ ಬಾಗಿ ಕೂತವರ ಮಣಿಕಟ್ಟು, ಸೊಂಟ ಸೋಲುತ್ತವೆ. ಆಗಾಗ ಎಬ್ಬಿಸಿ ಬೇರೆ ಕೆಲಸ ಕೊಡಿ. ಪಕ್ಕದಲ್ಲೇ ಕುಡಿಯುವ ನೀರಿರಲಿ.

ಹಂತ 6: ಸುಟ್ಟಾಗ. ಬಳೆ, ಉಂಗುರ ತೆಗೆದು, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿಣ, ಐಸ್ ಬೇಡ. ಬೊಬ್ಬೆ ಒಡೆಯಬೇಡಿ, ಸ್ವಚ್ಛ ಅರಿವೆ ಸಡಿಲವಾಗಿ ಹೊದಿಸಿ. ಮುಖ ಸುಟ್ಟಿದ್ದರೆ, ಗಾಯ ದೊಡ್ಡದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಕಡೆಯದಾಗಿ ಗಲ್ಲೆಯ ಹತ್ತಿರ ಒಂದು ನೋಟ್‌ಬುಕ್ ಇಡಿ. ಗಾಯವಾದದ್ದಷ್ಟೇ ಅಲ್ಲ, ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಬರೆಯಿರಿ. ಬರೆಯಲು ಬಾರದವರು ಹೇಳಲಿ, ಬೈಯದೆ ಕೇಳಿ ನೀವೇ ಬರೆದುಕೊಳ್ಳಿ.