ವಾಕಿಟಾಕಿಯಿಂದ ರಿಪೀಟರ್‌ಗೆ: ಕೇಳಿಸುವುದು ಬೇರೆ, ತಲುಪುವುದು ಬೇರೆ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಊರುಗಳ ಮೇಲೆ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಆ ದಿನಗಳಲ್ಲಿ ಹ್ಯಾಮ್ ರೇಡಿಯೊ ಹವ್ಯಾಸಿಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಕೇಂದ್ರ ತೆರೆದು, ಅಂಬಲವಯಲ್‌ನ ಗುಡ್ಡದ ಮೇಲಿನ ರಿಪೀಟರ್ ಮೂಲಕ ಸಂದೇಶ ಸಾಗಿಸಿದರು. ಅದನ್ನು ತರಗತಿಯಲ್ಲಿ ಹೇಳಿದಾಗ ದ್ವಿತೀಯ ಪಿಯುಸಿಯ ಒಬ್ಬ ಹುಡುಗ ಕೇಳಿದ: "ಸರ್, ಆನ್‌ಲೈನ್‌ನಲ್ಲಿ ಒಂದು ವಾಕಿಟಾಕಿ ತಗೊಂಡ್ರೆ ನಾವೂ ಹಾಗೆ ಮಾತಾಡ್ಬಹುದಾ?"

ತೆಗೆದುಕೊಂಡ ಮಾತ್ರಕ್ಕೆ ಆಗುವುದಿಲ್ಲ. ಕಾರಣ ಎರಡು. ಮೊದಲನೆಯದು ಕಾನೂನು. ನಮ್ಮ ದೇಶದಲ್ಲಿ ಹ್ಯಾಮ್ ಸೆಟ್ ಬಳಸುವುದಕ್ಕಷ್ಟೇ ಅಲ್ಲ, ಇಟ್ಟುಕೊಳ್ಳುವುದಕ್ಕೂ ಕೇಂದ್ರ ಸಂಪರ್ಕ ಸಚಿವಾಲಯದ ಲೈಸನ್ಸ್ ಬೇಕು. ಅದಕ್ಕೊಂದು ಪರೀಕ್ಷೆ ಇದೆ. ಹನ್ನೆರಡು ವರ್ಷ ತುಂಬಿದವರು ಬರೆಯಬಹುದು, ಆದ್ದರಿಂದ ನೀವೆಲ್ಲರೂ ಅರ್ಹರೇ. ಎರಡನೆಯ ಕಾರಣ, ಅಂಗಡಿಯಿಂದ ಬಂದ ಸೆಟ್‌ಗೆ ರಿಪೀಟರ್ ಎಲ್ಲಿದೆ, ಅದನ್ನು ಹೇಗೆ ಎಬ್ಬಿಸಬೇಕು ಎಂಬುದು ಗೊತ್ತಿರುವುದಿಲ್ಲ. ನಾವೇ ಕಲಿಸಬೇಕು. ಈ ಪಾಠ ಅದರ ಬಗ್ಗೆ.

ರಿಪೀಟರ್ ಯಾಕೆ ಬೇಕು? ನಾವು ಬಳಸುವ 144ರಿಂದ 146 ಮೆಗಾಹರ್ಟ್ಸ್‌ನ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿಯ ಬಾಗಿಗೆ ತಕ್ಕಂತೆ ಬಾಗುವುದಿಲ್ಲ. (ಪತ್ರಿಕೆಗಳು ಇದನ್ನು 'ತರಂಗಾಂತರ' ಎಂದು ಬರೆಯುತ್ತವೆ. ತರಂಗಾಂತರ ಎಂದರೆ ಅಲೆಯ ಉದ್ದ, ಇಲ್ಲಿ ಸುಮಾರು 2 ಮೀಟರ್. ಮೆಗಾಹರ್ಟ್ಸ್‌ನಲ್ಲಿ ಹೇಳುವುದು ಆವೃತ್ತಿ, ಅಂದರೆ ಫ್ರೀಕ್ವೆನ್ಸಿ. ಉತ್ತರಪತ್ರಿಕೆಯಲ್ಲಿ ಎರಡನ್ನೂ ಒಂದು ಮಾಡಿದರೆ ನಾನು ಅಂಕ ಕೊಡುವುದಿಲ್ಲ.) ಭೂಮಿಯ ತ್ರಿಜ್ಯ, ಆಂಟೆನಾದ ಎತ್ತರ, ಎರಡು ಇವಿಷ್ಟನ್ನೂ ಗುಣಿಸಿ ವರ್ಗಮೂಲ ತೆಗೆದರೆ ದಿಗಂತದ ದೂರ ಸಿಗುತ್ತದೆ. ತ್ರಿಜ್ಯ 6,400 ಕಿ.ಮೀ. ಎಂದಿಟ್ಟುಕೊಳ್ಳಿ. ಮುಖದ ಹತ್ತಿರ, 1.6 ಮೀಟರ್ ಎತ್ತರದಲ್ಲಿ ಹಿಡಿದ ವಾಕಿಟಾಕಿಗೆ ಬರುವ ಉತ್ತರ ಸುಮಾರು ನಾಲ್ಕೂವರೆ ಕಿ.ಮೀ. ಅದೂ ಬಯಲಿನಲ್ಲಿ. ಕಟ್ಟಡ, ತೋಟ, ಗುಡ್ಡ ಇದ್ದಲ್ಲಿ ಇನ್ನೂ ಕಡಿಮೆ. ಸುತ್ತಲಿನ ನೆಲಕ್ಕಿಂತ 500 ಮೀಟರ್ ಎತ್ತರದ ಗುಡ್ಡದ ತುದಿಗೆ ಅದೇ ಲೆಕ್ಕ ಹಾಕಿ: 80 ಕಿ.ಮೀ. ಗುಡ್ಡದ ಆ ಮಗ್ಗುಲಿನವನೂ ಈ ಮಗ್ಗುಲಿನವನೂ ಒಬ್ಬರಿಗೊಬ್ಬರು ಕಾಣದಿದ್ದರೂ ಇಬ್ಬರಿಗೂ ತುದಿ ಕಾಣುತ್ತದೆ. ತುದಿಯಲ್ಲಿ ಕೇಳಿ ಹೇಳುವ ಒಂದು ಯಂತ್ರವಿದ್ದರೆ ಸಾಕು.

ಈದ್ಗಾದಲ್ಲಿ ಇಮಾಮರ ತಕ್ಬೀರ್ ಹಿಂದಿನ ಸಾಲುಗಳಿಗೆ ಕೇಳಿಸದಿದ್ದಾಗ ನಡುವೆ ನಿಂತ ಮುಕಬ್ಬಿರ್ ಅದನ್ನೇ ಎತ್ತಿ ಹೇಳುತ್ತಾರಲ್ಲ, ರಿಪೀಟರ್‌ನ ಕೆಲಸವೂ ಅಂಥದ್ದೇ. ಒಂದು ವ್ಯತ್ಯಾಸವಿದೆ. ಮುಕಬ್ಬಿರ್ ಮೊದಲು ಕೇಳುತ್ತಾರೆ, ಆಮೇಲೆ ಹೇಳುತ್ತಾರೆ. ರಿಪೀಟರ್ ಕೇಳುತ್ತಿರುವಾಗಲೇ ಹೇಳಬೇಕು. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡನ್ನೂ ಮಾಡಲು ಹೋದರೆ ತನ್ನ ಧ್ವನಿಯಲ್ಲಿ ತಾನೇ ಕಿವುಡಾಗುತ್ತದೆ, ಏಕೆಂದರೆ ಹತ್ತಾರು ವಾಟ್ ಹೊರಸೂಸುವ ಟ್ರಾನ್ಸ್‌ಮಿಟರ್‌ನ ಪಕ್ಕದಲ್ಲೇ ಮೈಕ್ರೊವೋಲ್ಟ್ ಮಟ್ಟದ ಸಂಕೇತವನ್ನು ಹಿಡಿಯುವ ರಿಸೀವರ್ ಕೂತಿರುತ್ತದೆ. ಅದಕ್ಕಾಗಿ ಕೇಳುವ ಮತ್ತು ಹೇಳುವ ಫ್ರೀಕ್ವೆನ್ಸಿಗಳನ್ನು ಬೇರೆ ಇಟ್ಟು, ನಡುವೆ ಫಿಲ್ಟರ್ ಹಾಕುತ್ತಾರೆ. ಈ 2 ಮೀಟರ್ ಬ್ಯಾಂಡ್‌ನಲ್ಲಿ ವಾಡಿಕೆಯ ಅಂತರ 600 ಕಿಲೋಹರ್ಟ್ಸ್. ಇದೇ ಆಫ್‌ಸೆಟ್. ರಿಪೀಟರ್ 145.700ರಲ್ಲಿ ಹೇಳುತ್ತಿದ್ದರೆ ಕೇಳುವುದು 145.100ರಲ್ಲಿ. ನಮ್ಮ ಸೆಟ್ ಇದಕ್ಕೆ ಉಲ್ಟಾ: 145.700ರಲ್ಲಿ ಕೇಳಬೇಕು, ಬಟನ್ ಒತ್ತಿದ ಕ್ಷಣ 145.100ಕ್ಕೆ ಜಿಗಿಯಬೇಕು.

ಎಡವಟ್ಟಾಗುವುದು ಇಲ್ಲೇ. 145.700 ಎಂದಷ್ಟೇ ಒತ್ತಿಟ್ಟುಕೊಂಡವನಿಗೆ ಎಲ್ಲರ ಮಾತೂ ಸ್ಪಷ್ಟವಾಗಿ ಕೇಳಿಸುತ್ತದೆ. ಸೆಟ್ ಸರಿಯಿದೆ ಎಂದುಕೊಳ್ಳುತ್ತಾನೆ. ಕರೆಯುತ್ತಾನೆ, ಯಾರೂ ಓಗೊಡುವುದಿಲ್ಲ. ನೆರೆ ಬಂದ ದಿನ ಹೀಗಾದರೆ ಅವನು ಕರೆಯುತ್ತಲೇ ಇರುತ್ತಾನೆ, ಗುಡ್ಡದ ಮೇಲಿನ ಯಂತ್ರಕ್ಕೆ ಅವನೊಬ್ಬ ಇದ್ದಾನೆಂದೇ ಗೊತ್ತಾಗುವುದಿಲ್ಲ.

ಇನ್ನೊಂದು ಬೀಗವೂ ಇದೆ, ಟೋನ್. ಗುಡ್ಡದ ಮೇಲಿನ ರಿಸೀವರ್‌ಗೆ ಮೋಟಾರಿನ ಕಿಡಿಯಿಂದ ಹಿಡಿದು ದೂರದ ಇನ್ನೊಂದು ರಿಪೀಟರ್‌ನ ಬಳಕೆದಾರರವರೆಗೆ ಏನೇನೋ ಕೇಳಿಸುತ್ತದೆ. ಎಲ್ಲಕ್ಕೂ ಬಾಯಿ ತೆರೆದರೆ ಕೆಲಸ ನಡೆಯದು. ಹಾಗಾಗಿ ನಮ್ಮ ಮಾತಿನ ಅಡಿಯಲ್ಲಿ, ಉದಾಹರಣೆಗೆ 88.5 ಹರ್ಟ್ಸ್‌ನ, ಒಂದು ಮಂದ್ರ ಸ್ವರ ಸದಾ ಇರಬೇಕೆಂದು ಅದು ಕೇಳುತ್ತದೆ. ಸೆಟ್‌ನ ಸ್ಪೀಕರ್ ಭಾಗದಲ್ಲಿ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿಬಿಡುವುದರಿಂದ ಆ ಸ್ವರ ನಮ್ಮ ಕಿವಿಗೆ ಬೀಳುವುದಿಲ್ಲ.

ಈಗ ಸೆಟ್ ಕೈಗೆ ತೆಗೆದುಕೊಳ್ಳೋಣ. ಹೆಚ್ಚಾಗಿ ಕಾಣಸಿಗುವ ಬಾವೊಫೆಂಗ್ ಯುವಿ-5ಆರ್‌ನ ಕ್ರಮ ಹೇಳುತ್ತೇನೆ. 145.700 ಮತ್ತು 88.5 ಬರೀ ಉದಾಹರಣೆ, ನಿಮ್ಮ ಊರಿನ ರಿಪೀಟರ್‌ನ ಅಂಕಿಗಳನ್ನು ಅಲ್ಲಿನ ಹ್ಯಾಮ್‌ಗಳಿಂದಲೇ ಕೇಳಿ ತಿಳಿಯಬೇಕು. ಕಿತ್ತಳೆ ಬಣ್ಣದ ವಿಎಫ್‌ಒ ಬಟನ್ ಒತ್ತಿ ಫ್ರೀಕ್ವೆನ್ಸಿ ಮೋಡ್‌ಗೆ ಬನ್ನಿ, ಎ/ಬಿ ಒತ್ತಿ ಮೇಲಿನ ಸಾಲನ್ನು ಆರಿಸಿ. ಮೆನು 7ರಲ್ಲಿ ಎರಡು ಕಡೆ ಕೇಳುವ ಸೌಲಭ್ಯವನ್ನು ಆಫ್ ಮಾಡಿ, ಇಲ್ಲದಿದ್ದರೆ ಗೊಂದಲ. 145700 ಒತ್ತಿ. ಮೆನು 26 ಆಫ್‌ಸೆಟ್, ಅಲ್ಲಿ 000.600 ಬರಬೇಕು. ಮೆನು 25ರಲ್ಲಿ ದಿಕ್ಕು, ಮೈನಸ್ ಆರಿಸಿ. ಮೆನು 13ರಲ್ಲಿ ಕಳಿಸುವ ಟೋನ್ 88.5. ಮೆನು 11 ಕೇಳುವ ಟೋನ್, ಅದನ್ನು ಆಫ್ ಇಡಿ. ರಿಪೀಟರ್ ಟೋನ್ ಕಳಿಸದಿದ್ದರೆ ಅದು ನಿಮ್ಮ ಸೆಟ್‌ನ ಬಾಯಿಯನ್ನೇ ಮುಚ್ಚಿಬಿಡುತ್ತದೆ.

ಉಳಿಸುವುದು ಮೆನು 27ರಲ್ಲಿ, ಎರಡು ಸಲ. ಖಾಲಿ ಚಾನೆಲ್ ಸಂಖ್ಯೆ ಕೊಟ್ಟು ಒಮ್ಮೆ ಉಳಿಸಿದರೆ ಕೇಳುವ ಫ್ರೀಕ್ವೆನ್ಸಿ ಮಾತ್ರ ದಾಖಲಾಗುತ್ತದೆ. ಆಮೇಲೆ ನಕ್ಷತ್ರದ ಬಟನ್ ಒತ್ತಿ, ಪರದೆಯ ಮೇಲೆ 145.100 ಕಾಣುತ್ತದೆ. ಅದೇ ಚಾನೆಲ್ ಸಂಖ್ಯೆಗೆ ಮತ್ತೆ ಉಳಿಸಿ, ನಕ್ಷತ್ರವನ್ನು ಇನ್ನೊಮ್ಮೆ ಒತ್ತಿ ಹಿಂದಿರುಗಿ.

ಅಂಕಿ ಹಾಕುವಾಗ ಕಣ್ಣಿಟ್ಟಿರಿ. 000.600ರ ಬದಲು 006.000 ಎಂದು ಬಿದ್ದರೆ ಸೆಟ್ 139.700ರಲ್ಲಿ ಕೂಗುತ್ತದೆ. ಅದು ಹ್ಯಾಮ್‌ಗಳ ಜಾಗವೇ ಅಲ್ಲ. ಅಮೆರಿಕದ ವಿಡಿಯೊ ನೋಡಿ ಪ್ಲಸ್ ಆರಿಸಿದರೆ 146.300. ಅವರ ಬ್ಯಾಂಡ್ 148ರವರೆಗೆ ಇದೆ, ನಮ್ಮದು 146ಕ್ಕೆ ಮುಗಿಯಿತು. ಸೆಟ್ ತಡೆಯುವುದಿಲ್ಲ, ತಪ್ಪು ಮಾತ್ರ ನಮ್ಮ ತಲೆಗೇ.

ಪರೀಕ್ಷಿಸುವ ಬಗೆ: ಲೈಸನ್ಸ್ ಇರುವವರು ಬಟನ್ ಒತ್ತಿ, ಅರ್ಧ ಸೆಕೆಂಡ್ ತಡೆದು (ಟೋನ್ ಗುರುತಾಗಲು ಅಷ್ಟು ಬೇಕು, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ) ತಮ್ಮ ಕಾಲ್‌ಸೈನ್ ಹೇಳಿ ಬಿಡಬೇಕು. ಬಿಟ್ಟ ಮೇಲೂ ರಿಪೀಟರ್ ಸಾಮಾನ್ಯವಾಗಿ ಒಂದೆರಡು ಸೆಕೆಂಡ್ ಎಚ್ಚರವಾಗಿದ್ದು ಟಪ್ಪೆಂದು ನಿಲ್ಲುತ್ತದೆ. ಆ ಬಾಲ ಕೇಳಿಸಿತೆ? ತಲುಪಿದಿರಿ. ಕೇಳಿಸದಿದ್ದರೆ ಮೊದಲು ಟೋನ್, ಆಮೇಲೆ ದಿಕ್ಕು ನೋಡಿ. ಎರಡೂ ಸರಿಯಿದ್ದರೆ ತಾರಸಿಗೆ ಹೋಗಿ. ಆಂಟೆನಾ ನೆಟ್ಟಗಿರಲಿ, ರಿಪೀಟರ್‌ನದ್ದು ಲಂಬ ಧ್ರುವೀಕರಣ. ಮಲಗಿಸಿ ಹಿಡಿದರೆ ಸಂಕೇತದ ಬಹುಪಾಲು ವ್ಯರ್ಥ.

ಇಷ್ಟು ಅರ್ಥವಾದವರಿಗೆ ಒಂದು ದೊಡ್ಡ ಉದಾಹರಣೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ 2020ರಿಂದ ಇಂಥ ಒಂದು ರಿಪೀಟರ್ ಇದೆ. ಕೇಳುವುದು 145.990ರಲ್ಲಿ, ಟೋನ್ 67 ಹರ್ಟ್ಸ್, ಹೇಳುವುದು 437.800ರಲ್ಲಿ. ಆಫ್‌ಸೆಟ್ ಮೆನು ಇಲ್ಲಿ ಕೆಲಸಕ್ಕೆ ಬಾರದು. ಟೋನ್ ಹಾಕಿ 437.800 ಉಳಿಸಿ, ಮತ್ತೆ 145.990 ಹಾಕಿ ಅದೇ ಚಾನೆಲ್‌ಗೆ ಉಳಿಸಬೇಕು. ಸುಮಾರು 400 ಕಿ.ಮೀ. ಎತ್ತರಕ್ಕೆ ಆಗಲೇ ಹೇಳಿದ ವರ್ಗಮೂಲ ತೆಗೆದು ನೋಡಿ: 2,260 ಕಿ.ಮೀ.! ಗುಡ್ಡದ ರಿಪೀಟರ್ ನಿಂತಲ್ಲೇ ಇರುತ್ತದೆ, ಇದು ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ವೇಗವಾಗಿ ಓಡುತ್ತದೆ. ಆದ್ದರಿಂದ ಡಾಪ್ಲರ್ ಪರಿಣಾಮ. ನಿಲ್ದಾಣ ಮೂಡುವಾಗ 437.810ರ ಹತ್ತಿರ ಕೇಳಿಸುವುದು, ಮುಳುಗುವಾಗ 437.790ಕ್ಕೆ ಇಳಿದಿರುತ್ತದೆ. ಐದೈದು ಕಿಲೋಹರ್ಟ್ಸ್ ಅಂತರದಲ್ಲಿ ಐದು ಚಾನೆಲ್ ಮಾಡಿಟ್ಟುಕೊಂಡು, ತಲೆಯ ಮೇಲೆ ಹಾದುಹೋಗುವ ಹತ್ತು ನಿಮಿಷದಲ್ಲಿ ಒಂದೊಂದೇ ಇಳಿಯುತ್ತಾ ಹೋಗುವುದು.

ಭೌತಶಾಸ್ತ್ರ ಲ್ಯಾಬ್‌ನಲ್ಲಿ ನನ್ನ ಲೈಸನ್ಸ್‌ನ ಎರಡು ಸೆಟ್‌ಗಳಿವೆ. ಶನಿವಾರ ತರಗತಿ ಮುಗಿದ ಮೇಲೆ ಬನ್ನಿ, ಚಾನೆಲ್ ಹಾಕುವುದನ್ನು ನೀವೇ ಮಾಡಿ. ಮಾತಾಡುವ ಬಟನ್ ಮಾತ್ರ, ನಿಮ್ಮ ಕಾಲ್‌ಸೈನ್ ಬರುವವರೆಗೆ, ನನ್ನ ಬೆರಳಿಗೆ.