ಮಾನಕವನ್ನು ಮೊದಲೇ ಬೆರೆಸಿ

ಕೆಂಪಾಪುರದಲ್ಲಿ ರೂಮು ಮಾಡಿಕೊಂಡು ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಲ್ಯಾಬುಗಳಿಗೆ ಓಡಾಡುವ ವಿದ್ಯಾರ್ಥಿಗಳೇ, ಕ್ರೊಮ್ಯಾಟೋಗ್ರಾಫ್ ತೋರಿಸುವ ಪೀಕಿನ ವಿಸ್ತೀರ್ಣವೊಂದನ್ನೇ ನಂಬಿ ಸಾಂದ್ರತೆ ಬರೆದುಬಿಡಬೇಡಿ.

ದೇವನಹಳ್ಳಿ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲಿ ಕೀಟನಾಶಕದ ಶೇಷ ಅಳೆಯುತ್ತಿದ್ದೀರಿ ಅನ್ನಿ. ಹಣ್ಣು ಅರೆದು, ಅಸಿಟೋನೈಟ್ರೈಲ್ ಹಾಕಿ ಕುಲುಕಿ, ಸೋಸಿ, ಇಂಜೆಕ್ಟ್ ಮಾಡುವಷ್ಟರಲ್ಲಿ ಒಂದಿಷ್ಟು ದ್ರಾವಣ ಕೈತಪ್ಪಿರುತ್ತದೆ. ಎಷ್ಟು ಎಂದು ಯಾರಿಗೂ ಗೊತ್ತಾಗದು. ಅದಕ್ಕೇ ಗೊತ್ತಿರುವ ಪ್ರಮಾಣದ ಇನ್ನೊಂದು ವಸ್ತುವನ್ನು ಜೊತೆಗೆ ಬೆರೆಸುವುದು. ಅದೇ ಆಂತರಿಕ ಮಾನಕ. ಶೇಷ ಪರೀಕ್ಷೆಯಲ್ಲಿ ಟ್ರೈಫೀನೈಲ್ ಫಾಸ್ಫೇಟ್ ಹೀಗೆ ಬಳಕೆಯಲ್ಲಿದೆ. ರಕ್ತದ ಆಲ್ಕೋಹಾಲ್ ಅಳೆಯಲು ಎನ್-ಪ್ರೊಪನಾಲ್.

ಲೆಕ್ಕ ಕಷ್ಟದ್ದಲ್ಲ. ಕೀಟನಾಶಕ, ಮಾನಕ ಎರಡೂ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಇರುವ ದ್ರಾವಣದಲ್ಲಿ ವಿಸ್ತೀರ್ಣ 5000 ಮತ್ತು 4000 ಬಂದರೆ ಪ್ರತಿಕ್ರಿಯಾ ಗುಣಾಂಕ 1.25. ಮಾದರಿಯಲ್ಲೂ ಮಾನಕ ಅಷ್ಟೇ ಇದ್ದು, ವಿಸ್ತೀರ್ಣ 2400 ಮತ್ತು 3200 ಬಂತೆನ್ನಿ. ಅನುಪಾತ 0.75, ಅದನ್ನು 1.25ರಿಂದ ಭಾಗಿಸಿ 10ರಿಂದ ಗುಣಿಸಿದರೆ ಮಿಲಿಲೀಟರಿಗೆ 6 ಮೈಕ್ರೋಗ್ರಾಂ. ಮಾನಕವನ್ನು ಬಿಟ್ಟು ಲೆಕ್ಕ ಹಾಕಿದ್ದರೆ 4.8 ಎಂದು ಬರೆಯುತ್ತಿದ್ದಿರಿ. ತಿನ್ನುವವರ ಆರೋಗ್ಯದ ವಿಷಯದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಮಾನಕವನ್ನು ಹಣ್ಣು ಅರೆದ ಕೂಡಲೇ ಹಾಕಿ. ಕೊನೆಯಲ್ಲಿ ಹಾಕಿದರೆ ಇಂಜೆಕ್ಷನ್ನಿನ ಏರುಪೇರು ಸರಿಹೋದೀತು, ಅದಕ್ಕೂ ಮುಂಚಿನ ನಷ್ಟ ಸರಿಹೋಗದು. ಮಾನಕವು ಹಣ್ಣಿನಲ್ಲಿ ಸಹಜವಾಗಿ ಇರಕೂಡದು, ಅದರ ಪೀಕು ಬೇರೆ ಯಾವುದರ ಜೊತೆಗೂ ಬೆರೆಯಕೂಡದು, ಗುಣದಲ್ಲಿ ಮಾತ್ರ ಅಳೆಯುವ ವಸ್ತುವಿಗೆ ಹತ್ತಿರವಿರಬೇಕು. ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೆ ಅದೇ ಕೀಟನಾಶಕದ ಡ್ಯೂಟೀರಿಯಂ ರೂಪವನ್ನೇ ಕೇಳಿ ತರಿಸಿಕೊಳ್ಳಿ, ದುಬಾರಿಯಾದರೂ.